ಹಳೇಬೀಡಿಗೆ ಹೋದರೆ ಮೊದಲು ಕೆರೆ ನೋಡಿ

ನಮ್ಮ ಮನೆ ಸೋಮವಾರಪೇಟೆ ಹತ್ತಿರ. ಮೂರು ವರ್ಷದ ಹಿಂದೆ ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಮುಗಿಸಿ ಬರೋಣ ಅಂತ ಹೊರಟಿದ್ದೆವು. ಬೆಳಗೊಳ ತಲುಪುವಷ್ಟರಲ್ಲಿ ಚಿಕ್ಕವಳಿಗೆ ವಾಂತಿ, ಅತ್ತೆಗೆ ಮಂಡಿನೋವು, ಯಾರೂ ಬೆಟ್ಟ ಹತ್ತಲಿಲ್ಲ. ವಾಪಸ್ ಬಂದ ಮೇಲೆ ಹಳೇಬೀಡಲ್ಲಿ ಏನೇನು ನೋಡಿದಿರಿ ಅಂತ ಪಕ್ಕದ ಮನೆಯವರು ಕೇಳಿದರೆ ನನಗೆ ಹೇಳಲು ಏನೂ ತೋಚಲಿಲ್ಲ. ಅದು ತುಂಬ ದಿನ ಮನಸ್ಸಲ್ಲೇ ಉಳಿದಿತ್ತು.

ಅದಕ್ಕೇ ಈ ಸಲ ಒಂದೇ ಊರು, ಹಳೇಬೀಡು. ಅಕ್ಟೋಬರ್ ಕೊನೆಯ ವಾರ ಆರಿಸಿಕೊಂಡೆವು. ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತದೆ, ನಮ್ಮ ಕಾಫಿ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಕೊಯ್ಲು ಶುರುವಾದರೆ ಫೆಬ್ರವರಿವರೆಗೆ ಮನೆಯವರು ತೋಟ ಬಿಟ್ಟು ಅಲುಗಾಡುವುದಿಲ್ಲ. ಶುಕ್ರವಾರ ಮಾತ್ರ ಬೇಡ, ಅಲ್ಲಿನ ಮ್ಯೂಸಿಯಂಗೆ ಅವತ್ತು ರಜೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟೆವು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಕ್ಕಳಿಗೆ ಮೊಸರನ್ನ, ಎರಡು ಫ್ಲಾಸ್ಕ್ ಕಾಫಿ. ಶನಿವಾರಸಂತೆ ದಾಟುವವರೆಗೂ ಮಂಜು. ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿಲೋಮೀಟರ್. ಒಂಬತ್ತು ಗಂಟೆಯೊಳಗೆ ಅಲ್ಲಿದ್ದೆವು, ಜನ ಇನ್ನೂ ಕಮ್ಮಿ.

ಬಂದವರೆಲ್ಲ ಸೀದಾ ಹೊಯ್ಸಳೇಶ್ವರ ದೇವಸ್ಥಾನದ ಬಾಗಿಲಿಗೆ ನುಗ್ಗುತ್ತಾರೆ. ನಾವು ಹಾಗೆ ಮಾಡದೆ ಸುತ್ತಿಕೊಂಡು ಪೂರ್ವದ ಕಡೆ, ನಂದಿ ಮಂಟಪಗಳ ಹಿಂದಕ್ಕೆ ಹೋದೆವು. ಎದುರಿಗೇ ಕೆರೆ. ಈ ಊರಿನ ಹಳೆಯ ಹೆಸರು ದೋರಸಮುದ್ರ, ದ್ವಾರಸಮುದ್ರ ಅಂತಲೂ ಹೇಳುತ್ತಾರೆ. ಕೆರೆಯನ್ನೇ ಸಮುದ್ರ ಅಂತ ಕರೆದಿದ್ದಾರೆ! ನಮ್ಮ ಕಡೆ ಮಳೆಗಾಲ ಬಂದರೆ ನೀರು ಗುಡ್ಡದಿಂದ ತಾನೇ ಇಳಿದು ಬರುತ್ತದೆ, ಅದನ್ನು ಹಿಡಿದಿಡುವ ಚಿಂತೆ ನಮಗೆ ಅಷ್ಟಾಗಿ ಇಲ್ಲ. ಇದು ಬಯಲು ಸೀಮೆಗೆ ಅಂಟಿಕೊಂಡ ಜಾಗ, ಇಲ್ಲಿ ನೀರು ನಿಲ್ಲಿಸದೆ ಹೊಯ್ಸಳರ ರಾಜಧಾನಿ ಉಳಿಯುತ್ತಿರಲಿಲ್ಲ. ಅತ್ತೆ ತುಂಬ ಹೊತ್ತು ನೀರನ್ನೇ ನೋಡುತ್ತಾ ನಿಂತಿದ್ದರು. "ಇಷ್ಟು ನೀರು ಇದ್ದದ್ದಕ್ಕೇ ಅಷ್ಟು ಕಲ್ಲು ಕೆತ್ತೋಕೆ ಆಯ್ತು ಕಣಮ್ಮ" ಅಂದರು. ನನಗೂ ಹಾಗೇ ಅನ್ನಿಸಿತು. ಮೊದಲು ಕೆರೆ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾಗಿದ್ದು ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ. ಒಳಗೆ ಎರಡು ಗರ್ಭಗುಡಿ, ಎರಡು ಲಿಂಗ. ಆದರೆ ಮಕ್ಕಳ ಜೊತೆ ಹೋದರೆ ಹೊರಗಿನ ಗೋಡೆಗೇ ಜಾಸ್ತಿ ಹೊತ್ತು ಕೊಡಿ. ತೀರಾ ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಆಮೇಲೆ ರಾಮಾಯಣ ಮಹಾಭಾರತದ ಕಥೆ, ಮೇಲೆ ಮಕರ, ಹಂಸ. ಆನೆ ಸಾಲು ಸರಿಯಾಗಿ ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಒಂದರಂತೆ ಇನ್ನೊಂದಿದೆಯಾ ಹುಡುಕಿ ಅಂದೆ, ಅಷ್ಟೇ, ಇಬ್ಬರೂ ಒಂದು ಗಂಟೆ ಗೋಡೆ ಬಿಟ್ಟು ಬರಲಿಲ್ಲ. ಒಂದು ಆನೆ ಸೊಂಡಿಲು ಸುತ್ತಿಕೊಂಡಿದ್ದರೆ ಇನ್ನೊಂದು ಮುಂದಿನದರ ಬಾಲದ ಹತ್ತಿರ ಚಾಚಿತ್ತು.

ಇದು ಬಳಪದ ಕಲ್ಲು, ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ ಅಂತ ಮನೆಯವರು ಹೇಳುತ್ತಿದ್ದಾಗ ಚಿಕ್ಕವಳು "ನಮ್ಮ ಸ್ಲೇಟಿನ ಬಳಪನಾ ಅಪ್ಪ?" ಅಂತ ಕೇಳಿದಳು. ಹೌದು, ಅದೇ ಜಾತಿಯ ಕಲ್ಲು. ದ್ವಾರಪಾಲಕರ ಕೊರಳ ಹಾರ ನೋಡಿ, ಮಣಿಮಣಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಕೈಲಾಸವನ್ನು ಎತ್ತುತ್ತಿರುವ ರಾವಣನ ಮುಂದೆ ಅತ್ತೆ ನಿಂತು ಇಡೀ ಕಥೆ ಹೇಳಿದರು, ಯಾರದೋ ಮಕ್ಕಳೂ ಬಂದು ಕೇಳುತ್ತಾ ನಿಂತವು.

ಒಂದು ಮುಖ್ಯ ವಿಷಯ. ಚಪ್ಪಲಿ ಹೊರಗೇ ಬಿಡಬೇಕು, ಹನ್ನೊಂದು ಗಂಟೆಯ ಮೇಲೆ ಕಲ್ಲು ಕಾಯುತ್ತದೆ. ಎಲ್ಲರಿಗೂ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಅತ್ತೆ ಆವರಣ ಪೂರ್ತಿ ಸುತ್ತಿದ್ದು ಅದರಿಂದಲೇ.

ಮನೆಯವರಿಗೆ ಇತಿಹಾಸದ ಹುಚ್ಚು. 1174ರಲ್ಲಿ ಇದೇ ಊರಿನಿಂದ ಆಳುತ್ತಿದ್ದ ಇಮ್ಮಡಿ ಬಲ್ಲಾಳ ತನ್ನ ದಂಡನಾಯಕ ಬೆಟ್ಟರಸನನ್ನು ಕೊಡಗು ಕಡೆಯ ಅರಸರಾದ ಚಂಗಾಳ್ವರ ಮೇಲೆ ಕಳಿಸಿದ್ದ, ನಮ್ಮ ಕೊಡಗಿನ ಪಾಲ್ಪರೆಯಲ್ಲಿ ಯುದ್ಧವಾಯಿತು, ನಾಡುನಾಡುಗಳ ಕೊಡಗರು ಸೇರಿ ಬೆಟ್ಟರಸನ ಮೇಲೆ ಬಿದ್ದರು ಅಂತ ಶಾಸನದಲ್ಲಿದೆಯಂತೆ. ಅದನ್ನು ಕೇಳಿದ ಮೇಲೆ ದೊಡ್ಡವನಿಗೆ ಇದು ಬೇರೆಯವರ ಊರಾಗಿ ಉಳಿಯಲಿಲ್ಲ. 1311ರಲ್ಲಿ ಮಲಿಕ್ ಕಾಫರ್ ದಾಳಿ ಮಾಡಿದ, ಆಮೇಲೆ ತುಘಲಕನ ಸೈನ್ಯ ಬಂತು, ರಾಜಧಾನಿ ಹಾಳುಬಿತ್ತು, ಬೀಡು ಹಳೇಬೀಡಾಯಿತು.

ಕೆರೆ ಬದಿಯ ನೆರಳಲ್ಲಿ ಊಟ ಮಾಡಿ ಎಲ್ಲರೂ ಸುಮ್ನೆ ಒಂದು ಗಂಟೆ ಕೂತೆವು. ಎಲೆ, ಪೇಪರ್ ಎಲ್ಲ ಚೀಲಕ್ಕೆ ಹಾಕಿಕೊಂಡು ಬಂದೆವು, ನೀವೂ ಹಾಗೇ ಮಾಡಿ.

ಮಧ್ಯಾಹ್ನ ಬಸ್ತಿಹಳ್ಳಿಯ ಬಸದಿಗಳಿಗೆ ಹೋದೆವು. ದೇವಸ್ಥಾನದಿಂದ ತುಂಬ ಹತ್ತಿರ, ಆದರೂ ಅಲ್ಲಿ ನಮ್ಮನ್ನು ಬಿಟ್ಟರೆ ಇನ್ನೊಂದೇ ಕುಟುಂಬ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಕನ್ನಡಿಯ ಹಾಗೆ ನುಣುಪು ಮಾಡಿದ್ದಾರೆ. ಒಳಗೆ ತಂಪು, ಅರೆಗತ್ತಲು. ಅತ್ತೆ ಒಂದು ಕಂಬದ ಹತ್ತಿರ ಮುಖ ತಂದು, ಕಪ್ಪು ಕಲ್ಲಿನಲ್ಲಿ ತಮ್ಮನ್ನೇ ನೋಡಿಕೊಂಡು, ಸೆರಗು ಸರಿಮಾಡಿಕೊಂಡರು.