ರೇಷ್ಮೆ ಹುಳುವಿನ ರಕ್ತ: ಕಪ್ಪಾಗುವುದು ಬೇರೆ, ಹೆಪ್ಪುಗಟ್ಟುವುದು ಬೇರೆ

ಎಂಎಸ್‌ಸಿ ಪ್ರಾಜೆಕ್ಟಿಗೆ ರೇಷ್ಮೆ ಹುಳುವಿನ ರಕ್ತಕಣ ಎಣಿಸಬೇಕಿತ್ತು. ನಮ್ಮದು ಶಿಡ್ಲಘಟ್ಟದ ಕಡೆ, ಹುಳು ಮನೆಯಲ್ಲೇ ಇದ್ದವು. ನಾಲ್ಕನೇ ಜ್ವರ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಮೂರು ದಿನ ಸೊಪ್ಪು ತಿಂದ ಹುಳುವನ್ನು ಹಿಡಿದು, ಹೊಟ್ಟೆಯಡಿಯ ಮೆತ್ತನೆ ಕಾಲಿನ ತುದಿಯನ್ನು ಸಣ್ಣ ಕತ್ತರಿಯಿಂದ ಕತ್ತರಿಸಿದರೆ ರಕ್ತ ತಾನಾಗೇ ಹನಿಯುತ್ತದೆ. ಹಿಂಡಬಾರದು, ಹಿಂಡಿದರೆ ಕರುಳಿನ ರಸ ಸೇರಿ ಎಲ್ಲ ಕೆಡುತ್ತದೆ. ರಕ್ತ ಕೆಂಪಗಿರುವುದಿಲ್ಲ. ಹುಳುವಿನ ಮೈಯೆಲ್ಲ ಗಾಳಿ ಒಯ್ಯುವುದು ಸಣ್ಣ ಕೊಳವೆಗಳು, ರಕ್ತಕ್ಕೆ ಆ ಕೆಲಸ ಇಲ್ಲ. ನಮ್ಮ ಮಿಶ್ರತಳಿ ಹಳದಿ ಗೂಡು ಕಟ್ಟುತ್ತದೆ, ಅದರ ರಕ್ತವೂ ಹಳದಿ.

ಮೊದಲ ದಿನ ಟ್ಯೂಬನ್ನು ಮೇಜಿನ ಮೇಲಿಟ್ಟು ಸ್ಲೈಡ್ ತೊಳೆದು ಬರುವಷ್ಟರಲ್ಲಿ ರಕ್ತ ಕಂದು ಬಣ್ಣಕ್ಕೆ ತಿರುಗಿತ್ತು, ಊಟ ಮಾಡಿ ಬಂದು ನೋಡಿದರೆ ಡಿಕಾಕ್ಷನ್ ತರ ಕಪ್ಪು. ಹೆಪ್ಪುಗಟ್ಟಿತು ಅಂದುಕೊಂಡೆ. ಲ್ಯಾಬಿನ ಸೀನಿಯರ್ ಅಕ್ಕ ಫಿನೈಲ್‌ಥಯೋಯೂರಿಯಾದ ಒಂದೆರಡು ಹರಳು ಹಾಕು ಅಂದರು. ಹಾಕಿದೆ, ರಕ್ತ ಹಳದಿಯಾಗೇ ಉಳಿಯಿತು. ಆದರೆ ಎಣಿಸಲು ಕೂತರೆ ಕಣಗಳೇ ಕಮ್ಮಿ! ಒಂದು ಹುಳುವಿನ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಒಂದು ವಾರ ಹೀಗೇ ಹೋಯಿತು.

ಆಮೇಲೆ ಒಂದು ದಿನ, ಎಣಿಸುವುದು ಬಿಟ್ಟು, ಸುಮ್ನೆ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುತ್ತಾ ಕೂತೆ. ಕಣಗಳು ದುಂಡಗೆ, ಬಿಡಿಬಿಡಿಯಾಗಿ ತೇಲುತ್ತಿದ್ದವು. ಸ್ವಲ್ಪ ಹೊತ್ತಿಗೆ, ಒಳಗೆಲ್ಲ ಕಾಳು ತುಂಬಿದಂತೆ ಕಾಣುವ ಗ್ರಾನ್ಯುಲೋಸೈಟುಗಳು ಗಾಜಿಗೆ ಅಂಟಿ, ಹರಡಿ, ಅಂಚಿನಿಂದ ಎಳೆ ಚಾಚಿದವು. ಪಕ್ಕದ ಕಣ ಅದಕ್ಕೆ ಸಿಕ್ಕಿಕೊಂಡಿತು, ಆಮೇಲೆ ಇನ್ನೊಂದು. ಕಪ್ಪು ಎಲ್ಲೂ ಇಲ್ಲ, ಗಂಟು ಮಾತ್ರ ಬೆಳೆಯುತ್ತಲೇ ಇದೆ. ನಾನು ಹುಡುಕುತ್ತಿದ್ದ ಕಣಗಳೆಲ್ಲ ಟ್ಯೂಬಿನ ತಳದಲ್ಲಿ ಹೀಗೇ ಮುದ್ದೆಯಾಗಿದ್ದವು.

ಹುಳುವಿಗೆ ನಮ್ಮ ಹಾಗೆ ರಕ್ತನಾಳಗಳ ಜಾಲ ಇಲ್ಲ. ರಕ್ತ ಮೈಯೊಳಗೆ ಚೀಲದಲ್ಲಿ ತುಂಬಿದಂತೆ ಇರುತ್ತದೆ. ತೂತು ಬಿದ್ದರೆ ರಕ್ತ ಸೋರುತ್ತದೆ, ರೋಗಾಣು ಒಳಗೆ ನುಗ್ಗುತ್ತದೆ, ಹಾಗಾಗಿ ತಡಮಾಡುವಂತಿಲ್ಲ ಅಲ್ವಾ? ಮೊದಲು ಮೆತ್ತನೆಯ ಬಿರಡೆ. ರೇಷ್ಮೆ ಹುಳುವಿನಲ್ಲಿ ಕಣಗಳನ್ನು ಒಂದಕ್ಕೊಂದು ಅಂಟಿಸುವ ಹೆಮೋಸೈಟಿನ್ ಎಂಬ ಪ್ರೋಟೀನು ಇದೆ, ರಚನೆಯಲ್ಲಿ ಅದು ನಮ್ಮ ರಕ್ತ ಹೆಪ್ಪುಗಟ್ಟಿಸುವ ವಾನ್ ವಿಲ್ಲೆಬ್ರಾಂಡ್ ಅಂಶದ ನೆಂಟ. ಹಣ್ಣುನೊಣದ ಮರಿಗಳಲ್ಲಿ ಈ ಬಿರಡೆಯ ಎಳೆಗಳಿಗೆ ಬ್ಯಾಕ್ಟೀರಿಯಾ ಸಿಕ್ಕಿಬೀಳುವುದನ್ನೂ ನೋಡಿದ್ದಾರೆ. ಕಪ್ಪಾಗುವುದು ಆಮೇಲೆ. ಪ್ರೊಫಿನಾಲ್‌ಆಕ್ಸಿಡೇಸ್ ಎಂಬ ಕಿಣ್ವ ರಕ್ತದಲ್ಲಿ ನಿದ್ದೆಯಲ್ಲಿರುತ್ತದೆ. ಗಾಯವೋ ರೋಗಾಣುವಿನ ಗೋಡೆಯ ಚೂರೋ ಅದನ್ನು ಎಬ್ಬಿಸಿದರೆ ಮೆಲನಿನ್ ಎಂಬ ಕಪ್ಪು ವಸ್ತು ತಯಾರಾಗಿ ಬಿರಡೆ ಗಟ್ಟಿಯಾಗುತ್ತದೆ, ಜೊತೆಗೆ ರೋಗಾಣುವಿಗೆ ವಿಷವಾಗುವ ವಸ್ತುಗಳೂ ಹುಟ್ಟುತ್ತವೆ. ಜಪಾನಿನ ಮಸಾಕಿ ಅಶಿಡಾ 1971ರಲ್ಲಿ ಈ ಕಿಣ್ವವನ್ನು ಬೇರ್ಪಡಿಸಿ ತೋರಿಸಿದ್ದು ರೇಷ್ಮೆ ಹುಳುವಿನ ರಕ್ತದಿಂದಲೇ. ನಾನು ಹಾಕಿದ ಹರಳು ತಡೆದದ್ದು ಈ ಎರಡನೇ ಕೆಲಸವನ್ನು ಮಾತ್ರ.

ಹಾಗಾಗಿ ಹುಳುವನ್ನು ಹತ್ತು ನಿಮಿಷ ಐಸ್ ಮೇಲಿಟ್ಟು, ಇಡಿಟಿಎ ಮತ್ತು ಸಿಟ್ರೇಟ್ ಇರುವ ತಣ್ಣನೆ ದ್ರಾವಣಕ್ಕೆ ರಕ್ತ ನೇರವಾಗಿ ಬೀಳುವಂತೆ ಮಾಡಿದೆ. ಕಣಗಳು ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕು, ಇವೆರಡೂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಕಣಗಳು ಬಿಡಿಯಾಗೇ ಉಳಿಯುತ್ತವೆ. ಲೆಕ್ಕ ಸರಿಹೋಯಿತು.

ಅದೇ ಬೆಳೆಯಲ್ಲಿ ಅಪ್ಪ ಊಜಿ ಬಿದ್ದ ಹುಳು ಆರಿಸಿ ತೆಗೆಯುತ್ತಿದ್ದರು. 1980ರಲ್ಲಿ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಚರ್ಮ ಕೊರೆದು ಒಳಗೆ ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಚಿಕ್ಕಂದಿನಿಂದ ನೋಡಿದ ಕಲೆ. ಒಂದು ಹುಳುವನ್ನು ತಂದು ಸೀಳಿ ನೋಡಿದೆ. ಕಲೆಯ ಒಳಭಾಗದಲ್ಲಿ ಕಪ್ಪು ಆಲಿಕೆಯಂಥದ್ದೊಂದು, ಅದರೊಳಗೆ ಊಜಿ ಮರಿಯ ಹಿಂಭಾಗ. ರಕ್ತಕಣಗಳು ಮರಿಯನ್ನು ಸುತ್ತುಗಟ್ಟಿ ಉಸಿರುಗಟ್ಟಿಸಲು ಕಟ್ಟಿದ ಗೋಡೆ ಅದು. ಮರಿ ಅದನ್ನೇ ಕೊಳವೆ ಮಾಡಿಕೊಂಡು, ಹಿಂದಿನ ಉಸಿರುರಂಧ್ರಗಳನ್ನು ಹೊರಗಿನ ತೂತಿನ ಕಡೆಗೆ ಇಟ್ಟು, ಹುಳುವನ್ನು ತಿನ್ನುತ್ತಾ ಆರಾಮಾಗಿ ಉಸಿರಾಡುತ್ತಿತ್ತು.