ರೈಲು ಪಾಸಿನಲ್ಲೇ ಮುಗಿಯುವ ಭಾನುವಾರ: ಇಬ್ಬರು ಪುಟ್ಟ ಗಂಡುಮಕ್ಕಳೊಂದಿಗೆ ನನ್ನ ಸುತ್ತಾಟ

ದೊಡ್ಡವನಿಗೆ ಮೂರೂವರೆ, ಚಿಕ್ಕವನಿಗೆ ಆಗಷ್ಟೇ ಎರಡು ತುಂಬಿದ್ದ ಕಾಲದಲ್ಲಿ, ಇಬ್ಬರನ್ನೂ ನಾನೊಬ್ಬಳೇ ಮುಂಬಯಿ ಹೊರವಲಯದ ನಮ್ಮ ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿಸಿ, ಮುಂಬಯಿ ತೋರಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತೇನೆ ಎಂದು ಹೇಳಿದಾಗ ಯಾರೂ ನಂಬಲಿಲ್ಲ. ಅತ್ತೆಯವರು ಕಟೀಲಿಗೆ ಹರಕೆ ಹೊತ್ತರು. ಮೇಲಿನ ಮಹಡಿಯ ಕಾಕು (ಚಿಕ್ಕಮ್ಮ) ನಕ್ಕು ಸುಮ್ಮನಾದರು. ಪಾಳಿಯ ಕೆಲಸದಿಂದಾಗಿ ಹೆಚ್ಚಿನ ಭಾನುವಾರಗಳಲ್ಲಿ ಮನೆಯಲ್ಲಿರದ ನಮ್ಮ ಯಜಮಾನರು, ಹಠ ಮಾಡುವುದಾದರೆ ಕಾರನ್ನಾದರೂ ಮಾಡಿಕೊಂಡು ಹೋಗು, ಲೋಕಲ್ ಮಾತ್ರ ಬೇಡ ಎಂದರು. ವರ್ಷ ದಾಟಿ ಕೆಲವು ತಿಂಗಳುಗಳಾದವು; ಜೋರು ಮಳೆಯ ವಾರಗಳನ್ನೂ ಜ್ವರ ನೆಗಡಿಯ ವಾರಗಳನ್ನೂ ಬಿಟ್ಟರೆ ಈ ಕ್ರಮ ತಪ್ಪಿಲ್ಲ. ಇಬ್ಬರು ಚಿಕ್ಕ ಮಕ್ಕಳಿರುವವರಿಗೆ ಬದಲಿ ಚಡ್ಡಿ, ನೀರಿನ ಬಾಟಲಿ, ಒದ್ದೆ ಟವೆಲ್ಲುಗಳ ಬಗ್ಗೆ ಪಾಠ ಹೇಳುವ ಅಗತ್ಯವಿಲ್ಲವಾದ್ದರಿಂದ ಅದನ್ನೆಲ್ಲ ಬಿಟ್ಟು ಬರೆಯುತ್ತಿದ್ದೇನೆ.

ಈ ಕ್ರಮಕ್ಕೆ ಬರುವ ಮೊದಲು ಹೋದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಯಜಮಾನರ ಮಾತಿನಂತೆ ಮೊಬೈಲಿನಲ್ಲಿ ಕರೆಸಿದ ಕಾರಿನಲ್ಲಿ ಹೋದೆವು. ಹೋಗಿ ಬರಲು ಎರಡೂವರೆ ಸಾವಿರದ ಹತ್ತಿರ ಆಯಿತು, ಮುಲುಂಡ್ ದಾಟುವ ಮೊದಲೇ ಇಬ್ಬರೂ ಸರದಿಯಂತೆ ವಾಂತಿ ಮಾಡಿಕೊಂಡರು, ಸೀಟು ತೊಳೆಸುವುದಕ್ಕೆಂದು ಚಾಲಕ ಕೇಳಿದ ಮುನ್ನೂರು ಬೇರೆ. ಮಾಲ್ ಒಂದರ ಆಟದ ಕೋಣೆಯಲ್ಲಿ ಗಂಟೆಗೆ ಒಬ್ಬೊಬ್ಬನಿಗೆ ಆರು ನೂರರಷ್ಟು ತೆತ್ತು, ಅವರಲ್ಲೇ ಕೊಳ್ಳಬೇಕಾದ ಕಾಲುಚೀಲವನ್ನೂ ಕೊಂಡು ಒಳಗೆ ಬಿಟ್ಟರೆ, ಬಣ್ಣದ ಚೆಂಡುಗಳ ಹೊಂಡದಲ್ಲಿ ತಮ್ಮನ ಕಾಲು ಸಿಕ್ಕಿತೆಂದು ಅಣ್ಣ ಹೆದರಿ, ಅಣ್ಣ ಅತ್ತನೆಂದು ತಮ್ಮನೂ ಅತ್ತು, ಹದಿನೈದು ನಿಮಿಷಕ್ಕೆ ಹೊರಬಂದೆವು. ಎಲ್ಲಕ್ಕಿಂತ ದುಬಾರಿಯಾದದ್ದು ಕರ್ಜತ್ ಕಡೆಯ ಒಂದು ರೆಸಾರ್ಟು. ಎರಡು ದಿನಕ್ಕೆ ಹನ್ನೆರಡು ಸಾವಿರದಷ್ಟು ಖರ್ಚಾಯಿತು. ಮಕ್ಕಳಿಬ್ಬರೂ ಆ ಎರಡೂ ದಿನ ಕೋಣೆಯ ಹಿಂಬದಿಯ ನಲ್ಲಿಯಿಂದ ಸ್ನಾನದ ಮಗ್ಗಿಗೆ ನೀರು ತುಂಬಿಸಿ ದಾಸವಾಳದ ಬುಡಕ್ಕೆ ಸುರಿಯುವುದರಲ್ಲೇ ಕಳೆದರು. ಈಜುಕೊಳದ ಕಡೆ ತಿರುಗಿಯೂ ನೋಡಲಿಲ್ಲ.

ಆ ನಲ್ಲಿಯನ್ನು ಕಂಡ ಮೇಲೆಯೇ ನನಗೆ ದಾರಿ ತೋಚಿದ್ದು. ಈ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ಒಂದು ವಾಹನ ಮತ್ತು ಒಂದು ಜಾಗ. ಎರಡನೆಯ ಜಾಗವನ್ನು ಸೇರಿಸಿದ ದಿನವೇ ರಗಳೆ ಶುರುವಾಗುತ್ತದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳಾದ್ದರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಹೀಗಾಗಿ, ಗೇಟು ತೆರೆಯುವುದನ್ನು ಕಾಯಬೇಕಾದ ಜಾಗಗಳು ಶನಿವಾರಕ್ಕೆ, ಗೇಟೇ ಇಲ್ಲದ ಜಾಗಗಳು ಭಾನುವಾರಕ್ಕೆ ಎಂದು ಹಂಚಿಕೊಂಡೆ. ಇದಕ್ಕೆ ಕಾರಣ ಮಧ್ಯ ರೈಲ್ವೆಯಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಅಥವಾ ಬೇರೆ ಹಳಿಗೆ ತಿರುಗಿಸುವ ಹೊತ್ತು. ಭಾನುವಾರ ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗಿ ನಾಲ್ಕರ ಹೊತ್ತಿಗೆ ಮುಗಿಯುವ ಆ ಅವಧಿಯೊಳಗೆ ಇಬ್ಬರು ಹಸಿದ ಮಕ್ಕಳೊಂದಿಗೆ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಬೆಳಗಿನ ಆರರ ಆಸುಪಾಸಿನ ಸ್ಲೋ (ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿ) ಹಿಡಿದರೆ ಏಳೂವರೆಯೊಳಗೆ ಕೊನೆಯ ನಿಲ್ದಾಣ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್). ಒಂಬತ್ತೂಕಾಲಿಗೆ ಹಿಂದಿರುಗುವ ಗಾಡಿ ಹತ್ತಿದರೆ ಬ್ಲಾಕ್ ಬೀಳುವ ಮೊದಲೇ ಡೊಂಬಿವಲಿಯ ಸೇತುವೆ ಇಳಿಯುತ್ತಿರುತ್ತೇವೆ.

ಬೇಕೆಂದೇ ಸ್ಲೋ ಗಾಡಿ ಹಿಡಿಯುತ್ತೇನೆ. ಫಾಸ್ಟ್ ಉಳಿಸಿಕೊಡುವ ಹತ್ತು ಹದಿನೈದು ನಿಮಿಷಕ್ಕಿಂತ ಸ್ಲೋ ಕೊಡುವ ನಿಲ್ದಾಣಗಳು ನನಗೆ ಮುಖ್ಯ, ಏಕೆಂದರೆ ಅಣ್ಣತಮ್ಮಂದಿರ ಕಿಟಕಿಯ ಜಗಳ ತೀರಿದ್ದೇ ಅವುಗಳಿಂದ. ಮೊದಮೊದಲು ಗಡಿಯಾರ ನೋಡಿ ಐದೈದು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತಿದ್ದೆ. ಇಬ್ಬರೂ ನನ್ನ ಗಡಿಯಾರವನ್ನು ನಂಬುತ್ತಿರಲಿಲ್ಲ. ಮೊಬೈಲಿನ ಗಂಟೆಯನ್ನೂ ನಂಬಲಿಲ್ಲ, ಅದನ್ನು ಒತ್ತುವವಳು ಅಮ್ಮನೇ ತಾನೆ! ಆಮೇಲೆ ಗಾಡಿಯೊಳಗಿನ ಘೋಷಣೆಗೆ ಪಂಚಾಯ್ತಿ ಒಪ್ಪಿಸಿದೆ. ‘ಪುಢೀಲ ಸ್ಥಾನಕ’ (ಮರಾಠಿಯಲ್ಲಿ ‘ಮುಂದಿನ ನಿಲ್ದಾಣ’) ಎಂಬ ಧ್ವನಿ ಕೇಳಿಸಿದೊಡನೆ ಕಿಟಕಿಯಲ್ಲಿದ್ದವನು ಎದ್ದು ಒಳಗೆ ಬರಬೇಕು, ಒಳಗಿದ್ದವನು ಕಿಟಕಿಗೆ ಹೋಗಬೇಕು. ಆ ಧ್ವನಿಗೆ ಮಕ್ಕಳು ‘ಪುಢೀಲ್ ಮಾಮಿ’ ಎಂದು ಹೆಸರಿಟ್ಟಿದ್ದಾರೆ; ಅಮ್ಮನ ಮಾತನ್ನು ಮೀರಿದರೂ ಪುಢೀಲ್ ಮಾಮಿಯ ಮಾತನ್ನು ಮೀರುವುದಿಲ್ಲ. ಕೋಪರ್, ದಿವಾ, ಮುಂಬ್ರಾ, ಕಳವಾ ಎಂದು ಮೂರು ಮೂರು ನಿಮಿಷಕ್ಕೆ ಅದಲುಬದಲು ನಡೆಯುತ್ತಿರುತ್ತದೆ. ಮುಂಬ್ರಾದ ಬಳಿ ಖಾಡಿ (ಸಮುದ್ರದ ಹಿನ್ನೀರು) ಕಾಣಿಸುವ ಹೊತ್ತಿಗೆ ಕಿಟಕಿ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ದೊಡ್ಡವನು ಈಗ ಡೊಂಬಿವಲಿಯಲ್ಲೇ ಬೆರಳು ಮಡಚಿ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಮೊದಲ ಸರದಿಯನ್ನು ಧಾರಾಳವಾಗಿ ತಮ್ಮನಿಗೆ ಬಿಟ್ಟುಕೊಡುತ್ತಾನೆ. ಶಾಲೆಯ ಶುಲ್ಕದಲ್ಲಿ ಇನ್ನೂ ಈ ಗಣಿತ ಬಂದಿಲ್ಲ.

ಸಿಎಸ್‌ಎಂಟಿಯಲ್ಲಿ ಇಳಿದ ಮೇಲೆ ಹೊರಗೆ ಓಡುವ ಅವಸರವಿಲ್ಲ. ಹಳಿ ಮುಗಿಯುವ ಜಾಗ, ಅಂದರೆ ಗಾಡಿ ಬಂದು ನಿಲ್ಲುವ ಆ ದಪ್ಪ ತಡೆಗಟ್ಟೆ, ನಮ್ಮ ಮಕ್ಕಳಿಗೆ ಮುಂಬಯಿಯ ಅತಿದೊಡ್ಡ ಪ್ರೇಕ್ಷಣೀಯ ಸ್ಥಳ. ಅದು ಚೆನ್ನಾಗಿ ಕಾಣಿಸುವ ಬೆಂಚಿನ ಮೇಲೆ ಕುಳಿತು, ಚಟ್ನಿಪುಡಿ ಎಣ್ಣೆ ಸವರಿದ ಪುಟ್ಟ ಇಡ್ಲಿಗಳನ್ನು ತಿನ್ನಿಸುತ್ತೇನೆ. ಮಾಟುಂಗಾದಲ್ಲಿ ಇಳಿದು ಉಡುಪಿ ಹೋಟೆಲಿನಲ್ಲಿ ತಿಂಡಿ ಮಾಡಿಸುವ ಆಸೆ ನನಗೂ ಇತ್ತು. ಆದರೆ ಭಾನುವಾರ ಎಂಟು ದಾಟಿದ ಮೇಲೆ ಅಲ್ಲಿ ಹೆಸರು ಬರೆಸಿ ಕಾಯುವ ಸಾಲಿನಲ್ಲಿ ಮೂರು ವರ್ಷದವನನ್ನು ನಿಲ್ಲಿಸುವುದು ನನ್ನಿಂದಾಗದ ಕೆಲಸ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಇಲ್ಲಿಯ ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ದೂರದ ಠಾಣೆಗೆ ಹೋಗಿ ನಿಂತಿತೆಂದು ಒಮ್ಮೆ ಹೇಳಿದ್ದೆ. ಅಂದಿನಿಂದ, ಹಿಂದಿರುಗುವಾಗ ಠಾಣೆ ಬಂದ ಕೂಡಲೇ ದೊಡ್ಡವನು ರೈಲಿನ ಡಬ್ಬಿಯಲ್ಲಿದ್ದ ಹೆಂಗಸರಿಗೆಲ್ಲ ಕೇಳಿಸುವಂತೆ ‘ಮೊದಲನೇ ರೈಲು ಇಲ್ಲಿಗೇ ಸುಸ್ತಾಯ್ತು’ ಎಂದು ಸಾರುತ್ತಾನೆ.

ತಿಂಡಿಯಾದ ಮೇಲೆ ಸಬ್‌ವೇಯಿಂದ ರಸ್ತೆ ದಾಟಿ ಪಾಲಿಕೆಯ ಕಟ್ಟಡದ ಬದಿಗೆ ನಿಂತು ನಿಲ್ದಾಣದ ಮೇಲಿರುವ ಕಲ್ಲಿನ ಪ್ರಾಣಿಗಳನ್ನು ಎಣಿಸುವುದು. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಗೋಡೆಯ ಮೇಲೆ ನವಿಲು ಮೊದಲಾದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಕಟ್ಟಡ ನಮ್ಮ ಪಾಲಿಗೆ ಟಿಕೇಟಿಲ್ಲದ ಪ್ರಾಣಿಸಂಗ್ರಹಾಲಯ. ಸಿಂಹ ದೊಡ್ಡವನದು, ಹುಲಿ ಚಿಕ್ಕವನದು ಎಂದು ಮೊದಲ ವಾರವೇ ಪಾಲಾಗಿರುವುದರಿಂದ ಅಲ್ಲಿ ತಂಟೆಯಿಲ್ಲ. ಕೆಲವು ಭಾನುವಾರ ಅಲ್ಲಿಂದ ನಗರದ ಬಸ್ ಸಂಸ್ಥೆ ಬೆಸ್ಟ್‌ನ ಎರಡಂತಸ್ತಿನ ಬಸ್ಸು ಹತ್ತಿ ನರಿಮನ್ ಪಾಯಿಂಟ್ ಕಡೆಗೆ ಹೋಗಿ, ಅದೇ ಬಸ್ಸಿನಲ್ಲಿ ಹಿಂದಿರುಗುತ್ತೇವೆ. ಡೀಸೆಲಿನ ಹಳೆಯ ಕೆಂಪು ಡಬಲ್ ಡೆಕ್ಕರುಗಳು 2023ರ ಸೆಪ್ಟೆಂಬರಿನಲ್ಲಿ ನಿಂತುಹೋದವು. ಈಗಿನದು ವಿದ್ಯುತ್ತಿನ ಏಸಿ ಗಾಡಿ. ಕಿಟಕಿ ತೆರೆಯಲಾಗದೆ ಗಾಳಿ ಮುಖಕ್ಕೆ ಬಡಿಯುವುದಿಲ್ಲ ಎಂಬುದು ನನ್ನ ದೂರು; ಮಕ್ಕಳಿಗೆ ಆ ಕೊರತೆ ಗೊತ್ತಿಲ್ಲ. ಕಳೆದ ದರ ಏರಿಕೆಯ ಬಳಿಕ ಏಸಿ ಬಸ್ಸಿನ ಕನಿಷ್ಠ ದರ 12 ರೂಪಾಯಿ. ಮೇಲಂತಸ್ತಿನ ಎದುರು ಸೀಟೇ ಪ್ರತಿ ಸಲ ಸಿಗುವಂತೆ ನಾನು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆದರೆ ಮುಂದಿನ ವಾರ ನನಗೇ ಅದು ಸಿಗಲಾರದು; ಆದ್ದರಿಂದ ಬರೆಯುವುದಿಲ್ಲ.

ಶನಿವಾರದ ಜಾಗಗಳಲ್ಲಿ ಭಾಯಖಳಾದ ರಾಣಿಬಾಗ್ ಪ್ರಾಣಿಸಂಗ್ರಹಾಲಯ ಒಂದೇ ಸಾಕು. ನನಗೆ 50, ಮಕ್ಕಳಿಗೆ ತಲಾ 25 ರೂಪಾಯಿ. ಬುಧವಾರ ರಜೆ, ಬೆಳಗ್ಗೆ ಒಂಬತ್ತೂವರೆಗೆ ಗೇಟು. ಎಲ್ಲರೂ ಓಡುವುದು 2016ರಲ್ಲಿ ಸಿಯೋಲಿನಿಂದ ತರಿಸಿದ ಹಂಬೋಲ್ಟ್ ಪೆಂಗ್ವಿನ್‌ಗಳ ಕಡೆಗೆ. ನಾವೂ ಓಡಿದೆವು. ತಣ್ಣಗಿನ ಆ ಕೋಣೆಯ ಗಾಜಿಗೆ ಮೂಗು ಒತ್ತಿ ನಿಂತಿದ್ದ ಚಿಕ್ಕವನು ಎರಡು ನಿಮಿಷಕ್ಕೆ, ಇವುಗಳ ಅಮ್ಮ ಇವಕ್ಕೆ ಸ್ವೆಟರ್ ಹಾಕಿಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ರಬ್ಬರ್ ಪೈಪಿನಿಂದ ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿಯ ಬಳಿ ಹೋದ. ಆ ಮಾಲಿ ಪೈಪಿನ ತುದಿಯನ್ನು ಒಂದು ಗಳಿಗೆ ಇಬ್ಬರ ಕೈಗೂ ಕೊಟ್ಟದ್ದು ಆ ದಿನದ ಮುಖ್ಯ ಘಟನೆ. ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹೊರಗೆ ಘಾರಾಪುರಿ (ಎಲಿಫೆಂಟಾ) ದ್ವೀಪದಿಂದ ತಂದಿಟ್ಟ ಕಲ್ಲಿನ ಆನೆಯಿದೆ. ಜೀವಂತ ಆನೆಗಿಂತ ಇದು ಮೇಲು, ಓಡಿಹೋಗುವುದಿಲ್ಲ ಎಂದು ದೊಡ್ಡವನ ತೀರ್ಪು. ಎರಡು ಗಂಟೆ ತುಂಬುವ ಮೊದಲೇ, ಇಬ್ಬರೂ ಇನ್ನೂ ನಗುತ್ತಿರುವಾಗಲೇ, ಹೊರಡಿಸಿಬಿಡುತ್ತೇನೆ.

ಆ ಕಲ್ಲಿನ ಆನೆಯ ಊರು ತೋರಿಸೋಣವೆಂದು ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ (ಯಂತ್ರದ ದೋಣಿ) ಹತ್ತಿ ಘಾರಾಪುರಿಗೂ ಹೋಗಿ ನೋಡಿದೆವು, ಆಗ ಯಜಮಾನರೂ ಜೊತೆಗಿದ್ದರು. ಒಂದು ಗಂಟೆಯ ಸಮುದ್ರದ ಗಾಳಿಗೆ ಚಿಕ್ಕವನು ಗಾಢನಿದ್ದೆ ಹೋದ. ನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಅವನನ್ನು ಹೆಗಲ ಮೇಲೆ ಹೊತ್ತು ಹತ್ತಿದೆವು. ದೊಡ್ಡವನ ಕೈಯಲ್ಲಿದ್ದ ಜೋಳದ ತೆನೆಯನ್ನು ಮಂಗ ಕಿತ್ತುಕೊಂಡಿತು. ಗುಹೆಯಲ್ಲಿರುವ ಮೂರು ಮುಖದ ಶಿವ, ಮಹೇಶಮೂರ್ತಿಯ ಮುಂದೆ ನಿಂತಾಗ ಒಬ್ಬ ಮಲಗಿದ್ದ, ಇನ್ನೊಬ್ಬ ತೆನೆಗಾಗಿ ಅಳುತ್ತಿದ್ದ. ಊಟ ಸೇರಿ ಸಾವಿರದ ಐನೂರರಷ್ಟು ಹೋಯಿತು. ಚಿಕ್ಕವನಿಗೂ ಐದು ತುಂಬುವವರೆಗೆ ಆ ಕಡೆ ತಲೆ ಹಾಕುವುದಿಲ್ಲ.

ಅದಕ್ಕಿಂತ ಟಿಟವಾಳಾ ಒಳ್ಳೆಯದು. ಕಲ್ಯಾಣದ ಆಚೆಗೆ, ಅರ್ಧ ಗಂಟೆಯೊಳಗಿನ ದಾರಿ. ಮಂಗಳವಾರ ಮತ್ತು ಸಂಕಷ್ಟಿಯನ್ನು ತಪ್ಪಿಸಿದರೆ ಗಣಪತಿಯ ದರ್ಶನ ಬೇಗನೆ ಆಗುತ್ತದೆ, ಅತ್ತೆಯವರೂ ಬರುತ್ತಾರೆ. ನಮ್ಮ ಸುತ್ತಾಟಗಳಲ್ಲಿ ಅವರು ಮನಸಾರೆ ಒಪ್ಪಿದ್ದು ಇದೊಂದೇ. ಮಾಥೇರಾನ್ ಗಿರಿಧಾಮಕ್ಕೂ ಹೋಗಿದ್ದೇವೆ. 1907ರಲ್ಲಿ ಹಾಕಿದ ಎರಡು ಅಡಿ ಅಗಲದ ಹಳಿಯ ಮೇಲಿನ ಆಟಿಕೆ ರೈಲಿಗೆ ಬೆಟ್ಟದ ಬುಡದ ನೇರಳ ನಿಲ್ದಾಣದಿಂದಲೇ ಟಿಕೇಟು ಸಿಗುವುದು ಅದೃಷ್ಟದ ಮಾತು. ನಾವು ಟ್ಯಾಕ್ಸಿ ಹೋಗುವ ಕೊನೆಯ ಜಾಗವಾದ ದಸ್ತೂರಿಯವರೆಗೆ ಹೋಗಿ, ಅಲ್ಲಿನ ಅಮನ್ ಲಾಡ್ಜ್ ನಿಲ್ದಾಣದಿಂದ ಮೇಲಕ್ಕೆ ಹೋಗುವ ಶಟಲ್ ರೈಲು ಹಿಡಿದೆವು. ಮೇಲೆ ಕಾರು, ಬೈಕುಗಳಿಗೆ ಪ್ರವೇಶವಿಲ್ಲದ್ದರಿಂದ ಇಬ್ಬರನ್ನೂ ಕೈಬಿಟ್ಟು ನಡೆಸಬಹುದು. ಕೆಂಪು ಧೂಳು ಬಟ್ಟೆಯಿಂದ ಹೋಗಲು ಮೂರು ಒಗೆತ ಬೇಕಾದೀತು, ಬಿಳಿ ಬಟ್ಟೆ ಹಾಕಬೇಡಿ.

ನಡುವೆ ಒಂದು ಪ್ರಯೋಗ ಮಾಡಿದ್ದೆ. ಇಬ್ಬರಿಗೂ ಇಪ್ಪತ್ತಿಪ್ಪತ್ತು ರೂಪಾಯಿ ಕೊಟ್ಟು, ಇದು ನಿಮ್ಮದೇ, ಬೇಕಾದದ್ದು ಕೊಳ್ಳಿ, ಆಮೇಲೆ ನನ್ನನ್ನು ಕೇಳುವ ಹಾಗಿಲ್ಲ ಎಂದೆ. ದೊಡ್ಡವನು ಡಬ್ಬಿಯಲ್ಲಿ ಮಾರಲು ಬಂದವಳಿಂದ ಕೂದಲಿನ ಕ್ಲಿಪ್ಪು ಕೊಂಡು ತಂದು ನನಗೇ ಕೊಟ್ಟ. ಚಿಕ್ಕವನು ನೋಟನ್ನು ಮಡಚಿ ಬೂಟಿನೊಳಗಿಟ್ಟುಕೊಂಡು ಮನೆಗೆ ತಂದ, ಅದು ತೊಳೆಯುವ ಯಂತ್ರದಲ್ಲಿ ಸಿಕ್ಕಿತು. ಆದರೂ ಆಟಿಕೆ ಮಾರುವವರನ್ನು ಕಂಡೊಡನೆ ಸೆರಗು ಎಳೆಯುವುದು ಅಂದಿನಿಂದ ನಿಂತಿದೆ, ಆದ್ದರಿಂದ ಮುಂದುವರಿಸಿದ್ದೇನೆ.

ಒಟ್ಟು ಖರ್ಚು? ಕಚೇರಿಗೆಂದು ತೆಗೆದ ನನ್ನ ತಿಂಗಳ ಪಾಸು ಭಾನುವಾರವೂ ನಡೆಯುತ್ತದೆ; ಐದರೊಳಗಿನ ಮಕ್ಕಳಿಗೆ ಲೋಕಲ್‌ನಲ್ಲಿ ಟಿಕೇಟಿಲ್ಲ. ಬಸ್ಸು, ಬಾಳೆಹಣ್ಣು, ಆ ನಲವತ್ತು ರೂಪಾಯಿ, ಸ್ಟೇಶನ್ನಿನಿಂದ ಮನೆಗೆ ರಿಕ್ಷಾ ಎಲ್ಲ ಸೇರಿ ಇನ್ನೂರು ದಾಟುವ ಭಾನುವಾರ ಅಪರೂಪ. ರೆಸಾರ್ಟಿನ ಆ ಹಣದಲ್ಲಿ ಒಂದು ವರ್ಷದ ಸುತ್ತಾಟ ಮುಗಿಯುತ್ತದೆ ಎಂದು ಯಜಮಾನರಿಗೆ ಲೆಕ್ಕ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಇನ್ನು ಕೆಲವೇ ವಾರಗಳಲ್ಲಿ ದೊಡ್ಡವನಿಗೆ ಐದು ತುಂಬಿ ಅರ್ಧ ಟಿಕೇಟು ಶುರುವಾಗುತ್ತದೆ. ತನ್ನ ಟಿಕೇಟು ಮೊಬೈಲಿನಲ್ಲಿ ಬೇಡ, ಕಾಗದದ್ದೇ ಬೇಕು, ಯಂತ್ರದ ಗುಂಡಿಯನ್ನು ತಾನೇ ಒತ್ತಬೇಕು ಎಂದು ಅವನು ಈಗಾಗಲೇ ಒಪ್ಪಂದ ಮಾಡಿಸಿಕೊಂಡಿದ್ದಾನೆ. ಹಾಗಾದರೆ ಆ ಟಿಕೇಟನ್ನು ಹಿಡಿದುಕೊಳ್ಳುವವರು ಯಾರು ಎಂಬ ತಮ್ಮನ ತಕರಾರು ಇತ್ಯರ್ಥವಾಗಬೇಕಿದೆ, ಅದನ್ನೂ ಪುಢೀಲ್ ಮಾಮಿಗೇ ಒಪ್ಪಿಸುವ ಯೋಚನೆಯಿದೆ.