ಗುರುವಿನ ಲಾಭ ಬೇಡ, ಜೂನ್ 4ರ ಲೆಕ್ಕ ತೋರಿಸಲಿ

ಆಪ್ಷನ್ ಟ್ರೇಡಿಂಗ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯವಹಾರ) ಕಲಿಸುತ್ತೇನೆ ಎನ್ನುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: “ಸರ್, 2024ರ ಜೂನ್ 4ರಂದು ನಿಮ್ಮ ಖಾತೆಯಲ್ಲಿ ಏನಾಯಿತು?”

ಅದು ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಹಿಂದಿನ ದಿನ ಶೇ. 3ಕ್ಕೂ ಹೆಚ್ಚು ಏರಿದ್ದ ಷೇರು ಸೂಚ್ಯಂಕ ನಿಫ್ಟಿ, ಅಂದು ಶೇ. 5.9ರಷ್ಟು ಕುಸಿದು 21,884ಕ್ಕೆ ಬಂದು ನಿಂತಿತು. ಪುಟ್ ಆಪ್ಷನ್ ಮಾರಿ, ಅಂದರೆ ಮಾರುಕಟ್ಟೆ ಬಿದ್ದರೆ ಕೊಂಡವರ ನಷ್ಟ ತುಂಬಿಕೊಡಲು ಒಪ್ಪಿ ಕುಳಿತವರು ತಿಂಗಳುಗಟ್ಟಲೆ ಕೂಡಿಸಿದ ಪ್ರೀಮಿಯಂ (ಅದಕ್ಕೆ ಪಡೆದ ಹಣ) ಒಂದೇ ಬೆಳಿಗ್ಗೆ ಕರಗಿಹೋಗಬಹುದಾದ ದಿನ. ನಿಜವಾಗಿ ಟ್ರೇಡ್ ಮಾಡುವವನಿಗೆ ಅದು ಮರೆಯುವುದಿಲ್ಲ. ಎಷ್ಟು ಲಾಟ್ (ವ್ಯವಹಾರದ ಕಂತೆ) ಇತ್ತು, ನಷ್ಟ ತಡೆಯುವ ಹೆಡ್ಜ್ ಎಲ್ಲಿತ್ತು, ಯಾವಾಗ ಹೊರಬಂದೆ ಎಂದು ಹೇಳುತ್ತಾನೆ. ಹಿಂದಿನ ದಿನವೇ ಎಲ್ಲ ಮುಚ್ಚಿದ್ದೆ ಎಂದರೂ ಸರಿಯೇ, ಅದೂ ಒಂದು ನಿರ್ಧಾರ.

ಬೆಂಗಳೂರಿನ ತರಗತಿಯೊಂದರಲ್ಲಿ ಹೀಗೆ ಕೇಳಿದಾಗ ಗುರುಗಳು ತಕ್ಷಣ ಮೊಬೈಲ್ ತೆಗೆದು ಹಸಿರು ಅಂಕಿಯ ಸ್ಕ್ರೀನ್‌ಶಾಟ್ ತೋರಿಸಿದರು. “ಇದು ಬೇರೆ ದಿನದ್ದು ಸರ್, ಆ ದಿನದ ಕಾಂಟ್ರಾಕ್ಟ್ ನೋಟ್ ಇದೆಯೇ?” ಎಂದೆ. “ನಿಮಗೆ ಕಲಿಯುವುದು ಬೇಕೋ, ತನಿಖೆ ಬೇಕೋ?” ಎಂದು ಮುಖ ಸಿಂಡರಿಸಿದರು. ನಮಸ್ಕಾರ ಹೇಳಿ ಎದ್ದು ಬಂದೆ.

ಕಾಂಟ್ರಾಕ್ಟ್ ನೋಟನ್ನೇ ಕೇಳಲು ಕಾರಣವಿದೆ. ವ್ಯವಹಾರ ನಡೆದ ಪ್ರತಿ ದಿನವೂ ಬ್ರೋಕರ್ ಡಿಜಿಟಲ್ ಸಹಿ ಹಾಕಿ ಇಮೇಲ್‌ಗೆ ಕಳಿಸುವ ಕಾಗದ ಅದು. ತಿದ್ದಿದರೆ ಸಹಿ ಹೊಂದುವುದಿಲ್ಲ. ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಜಿಎಸ್‌ಟಿ ಎಲ್ಲ ಅದರಲ್ಲಿ ಇಳಿದಿರುತ್ತವೆ. ಸ್ಕ್ರೀನ್‌ಶಾಟ್‌ನಲ್ಲಿ ಬಂಡವಾಳ ಎಷ್ಟೆಂಬುದೂ ಇರುವುದಿಲ್ಲ. ಮೂರು ಕೋಟಿಯ ಮೇಲೆ ಮೂರು ಲಕ್ಷ ಲಾಭವೆಂದರೆ ಕೇವಲ ಶೇ. 1.

2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನ ಹೇಳಿದೆ. ಕಲಿಸುವವರೂ ಇದೇ ಮಾರುಕಟ್ಟೆಯವರು. ‘ಬಾಪ್ ಆಫ್ ಚಾರ್ಟ್’ ಹೆಸರಿನಲ್ಲಿ ಟ್ರೇಡಿಂಗ್ ಕೋರ್ಸ್ ಮಾರುತ್ತಿದ್ದವರ ಪ್ರಕರಣದಲ್ಲಿ 2023ರ ಅಕ್ಟೋಬರ್‌ನಲ್ಲಿ ಸೆಬಿ ಹೊರಡಿಸಿದ ಆದೇಶವನ್ನು ಎಲ್ಲರೂ ಓದಬೇಕು. ಕೋರ್ಸ್‌ಗಳಿಂದ ಕೋಟಿಗಟ್ಟಲೆ ಹಣ ಬಂದಿತ್ತು; ಆದರೆ ಎರಡೂವರೆ ವರ್ಷದ ಸ್ವಂತ ಟ್ರೇಡಿಂಗ್‌ನಲ್ಲಿ ಆಗಿದ್ದು ₹2.89 ಕೋಟಿ ನಷ್ಟ.

ಹಾಗಾಗಿ ಗುರುವಿನ ಆದಾಯ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತೇನೆ. “ನನ್ನ ಲಿಂಕ್‌ನಿಂದಲೇ ಖಾತೆ ತೆರೆಯಿರಿ” ಎಂದರೆ ನಾವು ಕಟ್ಟುವ ಬ್ರೋಕರೇಜ್‌ನಲ್ಲಿ ಅವರಿಗೂ ಪಾಲು ಇರಬಹುದು. ಆಗ ನಾವು ಹೆಚ್ಚು ಟ್ರೇಡ್ ಮಾಡಿದಷ್ಟೂ ಅವರಿಗೆ ಲಾಭ, ನಾವು ಗೆದ್ದರೂ ಸೋತರೂ. ಯಾವ ಷೇರು ಕೊಳ್ಳಬೇಕೆಂದು ಹೇಳಿ ಹಣ ಪಡೆಯುವವರಾದರೆ ಸೆಬಿ ನೋಂದಣಿ ಕಡ್ಡಾಯ: ಸಲಹೆಗಾರರದ್ದು ಐಎನ್‌ಎ, ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್ ಎಂದು ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ನಾನೇ ಹಾಕಿ ನೋಡುತ್ತೇನೆ. ನೋಂದಣಿ ಇದ್ದ ಮಾತ್ರಕ್ಕೆ ಜಾಣರೆಂದಲ್ಲ. ಇಲ್ಲದಿದ್ದರೆ ಮಾತ್ರ ಅಲ್ಲಿಗೇ ಮುಗಿಯಿತು.

ಈಗ ನಾನು ಕಲಿಯುತ್ತಿರುವವರು ಜೂನ್ 4ರ ನೋಟನ್ನು ಲ್ಯಾಪ್‌ಟಾಪ್‌ನಲ್ಲಿ ನನ್ನ ಮುಂದೆಯೇ ತೆರೆದರು. ದೊಡ್ಡ ನಷ್ಟವೇ ಇತ್ತು. ಮುಂಚೆಯೇ ಕೊಂಡಿಟ್ಟಿದ್ದ ದೂರದ ಪುಟ್ (ಆಗಿನ ಮಟ್ಟಕ್ಕಿಂತ ಬಹಳ ಕೆಳಗಿನ ಬೆಲೆಯದ್ದು) ಆ ನಷ್ಟವನ್ನು ಎಲ್ಲಿ ತಡೆದು ನಿಲ್ಲಿಸಿತು ಎಂಬುದನ್ನು ಸಾಲು ಸಾಲಾಗಿ ಬೆರಳಿಟ್ಟು ತೋರಿಸಿದರು. ನಾನು ಅವರಿಂದ ಕಲಿತ ಮೊದಲ ಪಾಠ ಅದೇ, ಶುಲ್ಕ ಕೊಡುವುದಕ್ಕೂ ಮೊದಲು.